ಮಿಂಚು ಹಿಡಿದ ಅಡ್ಡದಾರಿ

ಮಂಗಳವಾರ, ಬೆಳಿಗ್ಗೆ

ನಿಂತಲ್ಲಿ ಇಂಜಿನ್ ಸದ್ದು ಒಂದೇ ಸಮ. ಬೀದಿಯಲ್ಲಿ ಮೆಲ್ಲಗೆ ಹೋದರೂ ಒಂದೇ ಸಮ. ಹೆದ್ದಾರಿ ಸೇರುವ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮಾತ್ರ ಗಾಡಿ ಕಲ್ಲಿಗೆ ಎಡವಿದ ಹಾಗೆ ಮುಗ್ಗರಿಸುತ್ತದೆ. ಕಾಲು ಸಡಿಲಿಸಿದರೆ ಮತ್ತೆ ಸರಿ. ಏನೂ ಆಗಿಯೇ ಇಲ್ಲವೆನ್ನುವಷ್ಟು ಸರಿ.

ಮಗಳ ಮನೆ ಮಿಷಿಗನ್ನಿನ ಕ್ಯಾಂಟನ್‌ನಲ್ಲಿ. ಪಕ್ಕದ ಮನೆಯ ಯಜಮಾನರು ಹೆಚ್ಚುಕಡಿಮೆ ನನ್ನ ಓರಗೆಯವರು. ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚು ಕೊರೆಯುವ ಕೆಲಸ ಮಾಡಿ ನಿವೃತ್ತರಾದವರು. ಅವರ ಗ್ಯಾರೇಜಿನಲ್ಲಿರುವುದು 2001ರ ಫೋರ್ಡ್ ಎಫ್-150 ಲೈಟ್ನಿಂಗ್. ನಮ್ಮ ಕಡೆ ಪಿಕಪ್ ಎಂದರೆ ತರಕಾರಿ, ಸಿಮೆಂಟು, ಮದುವೆಮನೆಯ ಪಾತ್ರೆ ಹೊರುವ ಗಾಡಿ. ಇದು ಹೊರುವುದಕ್ಕಿಂತ ಓಡುವುದಕ್ಕೆಂದೇ ಹುಟ್ಟಿದ್ದು. 5.4 ಲೀಟರಿನ ಎಂಟು ಸಿಲಿಂಡರ್ ಇಂಜಿನ್, ಅದರ ತಲೆಯ ಮೇಲೆ ಸೂಪರ್‌ಚಾರ್ಜರ್, 380 ಅಶ್ವಶಕ್ತಿ. ವಯಸ್ಸು ಇಪ್ಪತ್ತು ವರ್ಷ ದಾಟಿದೆ.

ನಾನು ಮೂವತ್ತು ವರ್ಷ ಶಿವಮೊಗ್ಗದಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು. ಯಾವಾಗಲೂ ಕೆಟ್ಟಿರುವ ವಸ್ತು ನನಗೆ ಅರ್ಥವಾಗುತ್ತದೆ. ಭಾರ ಬಿದ್ದಾಗ ಮಾತ್ರ ಕೆಡುವ ವಸ್ತುವನ್ನು ಕೆಟ್ಟಿದೆ ಎನ್ನಬೇಕೋ, ಕೆಟ್ಟಿಲ್ಲ ಎನ್ನಬೇಕೋ? ಯಜಮಾನರು ಸ್ಕ್ಯಾನರ್ ಹಿಡಿದು ಪಕ್ಕದಲ್ಲಿ ಕೂರುವಿರಾ ಎಂದು ಕೇಳಿದರು. ಕೂತೆ. ಈ ಟಿಪ್ಪಣಿ ಶುರುವಾದದ್ದು ಹಾಗೆ.

ಅದೇ ದಿನ, ಮಧ್ಯಾಹ್ನ

ಇಲ್ಲಿ ಘಾಟಿಯೆಂಬುದಿಲ್ಲ. ಊರೆಲ್ಲ ತಟ್ಟೆಯಂತೆ ಸಮ. ಇಂಜಿನ್ನಿಗೆ ಸಿಗುವ ಆಗುಂಬೆಯೆಂದರೆ ಹೆದ್ದಾರಿಗೆ ಏರುವ ಈ ಒಂದು ತುಂಡು ದಾರಿಯೇ. ಮೂರು ಸಲ ಏರಿದೆವು. ಮೂರೂ ಸಲ ಮಿಸ್ ಹೊಡೆಯಿತು. ಮೂರನೇ ಸಲ ಡ್ಯಾಶ್‌ಬೋರ್ಡಿನ ಹಳದಿ ಇಂಜಿನ್ ದೀಪ ಮಿಟುಕತೊಡಗಿತು. ಯಜಮಾನರು ತಕ್ಷಣ ಕಾಲು ತೆಗೆದು, ಮುಂದಿನ ತಿರುವಿನಲ್ಲಿ ಹೆದ್ದಾರಿ ಬಿಟ್ಟು ಮನೆಗೆ ಬಂದರು.

ದೀಪ ಸುಮ್ಮನೆ ಉರಿಯುವುದಕ್ಕೂ ಮಿಟುಕುವುದಕ್ಕೂ ವ್ಯತ್ಯಾಸವಿದೆ ಎಂದು ಆಮೇಲೆ ಹೇಳಿದರು. ಉರಿದರೆ, ಬೇಗ ನೋಡಿಸಿ ಎಂದರ್ಥ. ಮಿಟುಕಿದರೆ, ಈಗಲೇ ಒತ್ತುವುದನ್ನು ನಿಲ್ಲಿಸಿ ಎಂದರ್ಥ. ಉರಿಯದೆ ಉಳಿದ ಪೆಟ್ರೋಲು ಮತ್ತು ಗಾಳಿ ಎರಡೂ ಸೈಲೆನ್ಸರ್ ದಾರಿಯಲ್ಲಿರುವ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತವೆ. ಒಳಗಿನ ಪಿಂಗಾಣಿಯ ಜೇನುಗೂಡು ಆ ಶಾಖಕ್ಕೆ ಕರಗಿ ದಾರಿಯೇ ಮುಚ್ಚಿಹೋಗಬಹುದು. ಸಿಲಿಂಡರಿನಲ್ಲಿ ಹತ್ತದ ಬೆಂಕಿ ಬೇರೆಲ್ಲೋ ಹತ್ತುತ್ತದೆ.

ಸ್ಕ್ಯಾನರ್ ತೋರಿಸಿದ ಕೋಡ್: ಪಿ0304. ಕೊನೆಯ ಅಂಕಿಯೇ ಸಿಲಿಂಡರ್ ನಂಬರು. ನಾಲ್ಕನೆಯದು ಮಿಸ್ ಆಗುತ್ತಿದೆ. ಪಿ0300 ಬಂದಿದ್ದರೆ ಇಂಥದ್ದೇ ಎಂದಿಲ್ಲ, ಅಲ್ಲೊಂದು ಇಲ್ಲೊಂದು ಎಂದರ್ಥ. ಕೋಡ್ ಬಿದ್ದ ಕ್ಷಣದ ಚಿತ್ರವನ್ನೂ ಕಂಪ್ಯೂಟರ್ ಹಿಡಿದಿಟ್ಟಿತ್ತು: ಸುಮಾರು 3000 ಸುತ್ತು, ಭಾರ ಪೂರ್ಣದ ಹತ್ತಿರ.

ಫೋರ್ಡ್ ಲೆಕ್ಕದಲ್ಲಿ ಪ್ರಯಾಣಿಕ ಕೂರುವ ಬದಿಯಲ್ಲಿ ಮುಂದಿನಿಂದ ಹಿಂದಕ್ಕೆ ಒಂದರಿಂದ ನಾಲ್ಕು, ಚಾಲಕನ ಬದಿಯಲ್ಲಿ ಐದರಿಂದ ಎಂಟು. ನಾಲ್ಕು ಎಂದರೆ ಕಟ್ಟಕಡೆಯದು, ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಬೆಂಕಿಗೋಡೆಯ ಪಕ್ಕದ್ದು. ಕೈ ಹೋಗುವುದೇ ಕಷ್ಟ.

ರಾತ್ರಿ

ನಾಲ್ಕನೆಯದೇ ಎಂದು ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಮಲಗುವ ಮುಂಚೆ ಇಷ್ಟು ಬರೆದುಕೊಂಡೆ.

ಸಿಲಿಂಡರಿನ ಒಳಗೆ ಕಣ್ಣಿಟ್ಟು ನೋಡುವವರು ಯಾರೂ ಇಲ್ಲ. ಕ್ರ್ಯಾಂಕ್ ದಂಡದ ಮೇಲೊಂದು ಹಲ್ಲುಚಕ್ರವಿದೆ. 36 ಹಲ್ಲಿಗೆ ಜಾಗ, ಇರುವುದು 35. ಒಂದನ್ನು ಬೇಕೆಂದೇ ಬಿಟ್ಟಿದ್ದಾರೆ. ಆ ಖಾಲಿ ಜಾಗ ಹಾದುಹೋದಾಗ ಸುತ್ತಿನ ಆರಂಭ ಎಲ್ಲಿ ಎಂದು ಸೆನ್ಸರಿಗೆ ತಿಳಿಯುತ್ತದೆ. ಪ್ರತಿ ಸ್ಫೋಟಕ್ಕೂ ದಂಡ ಚೂರು ಮುಂದಕ್ಕೆ ಜಿಗಿಯುತ್ತದೆ. ಒಂದು ಸ್ಫೋಟ ತಪ್ಪಿದರೆ ಮುಂದಿನ ಹಲ್ಲುಗಳು ಕೂದಲೆಳೆಯಷ್ಟು ತಡವಾಗಿ ಬರುತ್ತವೆ. ಈ ಇಂಜಿನ್ನಿನ ಸರದಿ 1-3-7-2-6-5-4-8. ತಡ ಎಲ್ಲಿ ಬಿತ್ತು ಎಂದು ನೋಡಿದರೆ ಯಾರ ಸರದಿ ತಪ್ಪಿತೆಂದು ಹೇಳಬಹುದು.

3000 ಸುತ್ತಿನಲ್ಲಿ ಒಂದೊಂದು ಸಿಲಿಂಡರಿಗೆ ಸೆಕೆಂಡಿಗೆ 25 ಕಿಡಿ, ಎಂಟಕ್ಕೂ ಸೇರಿ 200. ಅವುಗಳಲ್ಲಿ ತಪ್ಪಿದ್ದನ್ನು ಹೆಕ್ಕಿ ಎಣಿಸುತ್ತಾ ಹೋಗುವುದು, 200 ಸುತ್ತಿಗೊಮ್ಮೆ ಕನ್ವರ್ಟರಿಗೆ ಅಪಾಯವಿದೆಯೇ ಎಂದು ನೋಡುವುದು, 1000 ಸುತ್ತಿಗೊಮ್ಮೆ ಹೊಗೆ ಮಿತಿ ಮೀರಿದೆಯೇ ಎಂದು ನೋಡುವುದು. 1996ರ ಮಾದರಿಗಳಿಂದ ಅಮೆರಿಕದಲ್ಲಿ ಮಾರುವ ಪ್ರತಿ ಕಾರಿಗೂ ಈ ಕಾವಲು ಕಡ್ಡಾಯ. ತಬಲದ ಲಯ ಬಲ್ಲವರು ಒಂದು ಪೆಟ್ಟು ಜಾರಿದ್ದನ್ನು ಕಿವಿಯಲ್ಲೇ ಹಿಡಿಯುವುದೂ ಹೀಗೆಯೇ.

ಆದರೆ ಅದು ಹೇಳುವುದು ಎಲ್ಲಿ ಎಂಬುದನ್ನು ಮಾತ್ರ. ಏಕೆ ಎಂಬುದು ಪಿ0304ರಲ್ಲಿ ಇಲ್ಲ.

ಬುಧವಾರ, ಬೆಳಿಗ್ಗೆ

ಬಾನೆಟ್ ಎತ್ತಿ ಸೂಪರ್‌ಚಾರ್ಜರ್, ಅಂದರೆ ಬ್ಲೋವರ್, ನೋಡಿದೆ. ಈಟನ್ ಎಂ112. ಒಳಗೆ ಮೂರು ಮೂರು ಎಸಳಿನ, ತಿರುಚಿದ ಎರಡು ಉರುಳೆಗಳು. ಒಂದಕ್ಕೊಂದು ಹೆಣೆದಂತೆ ತಿರುಗುತ್ತವೆ, ಆದರೆ ಮುಟ್ಟುವುದಿಲ್ಲ. 112 ಎನ್ನುವುದು ಒಂದು ಸುತ್ತಿಗೆ ಅದು ತಳ್ಳುವ ಗಾಳಿ, ಘನ ಇಂಚಿನಲ್ಲಿ. ನಮ್ಮ ಲೆಕ್ಕಕ್ಕೆ ಸುಮಾರು 1.8 ಲೀಟರ್. ಈ ಬಗೆಯ ಯಂತ್ರಕ್ಕೆ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲೇ ಪೇಟೆಂಟ್ ಪಡೆದಿದ್ದರು. ಆಗ ಕಾರೇ ಇರಲಿಲ್ಲ. ಕುಲುಮೆಗೆ ಗಾಳಿ ಊದುವುದಕ್ಕೆ ಅದು ಬಳಕೆಯಾಯಿತು. ಇಂಜಿನ್ ಕೂಡ ಕುಲುಮೆಯೇ, ತಿದಿ ಒತ್ತಿದಷ್ಟೂ ಕೆಂಡ ಕೆರಳುತ್ತದೆ.

ನನಗಿದ್ದ ಒಂದು ತಪ್ಪು ಕಲ್ಪನೆ ಇಲ್ಲಿ ಕಳಚಿತು. ಬ್ಲೋವರ್ ಬೆಲ್ಟಿನಿಂದ ತಿರುಗುವುದರಿಂದ ಯಾವಾಗಲೂ ಒತ್ತಡ ಕೊಡುತ್ತಿರುತ್ತದೆ ಎಂದುಕೊಂಡಿದ್ದೆ. ತಿರುಗುವುದು ಯಾವಾಗಲೂ ನಿಜ, ಒತ್ತುವುದು ಯಾವಾಗಲೂ ಅಲ್ಲ. ಪಕ್ಕದಲ್ಲೊಂದು ಬೈಪಾಸ್ ಕವಾಟವಿದೆ. ಇಂಜಿನ್ ಸಾವಕಾಶವಾಗಿರುವಾಗ ಅದು ತೆರೆದಿರುತ್ತದೆ, ಗಾಳಿ ಸುತ್ತಿಕೊಂಡು ಬಂದಲ್ಲಿಗೇ ಹೋಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಕವಾಟ ಮುಚ್ಚುತ್ತದೆ. ಆಗ ಗಾಳಿಗೆ ಸಿಲಿಂಡರ್ ಬಿಟ್ಟರೆ ಬೇರೆ ದಾರಿಯಿಲ್ಲ.

ಲೆಕ್ಕ ಹಾಕಿದೆ. ಐಡ್ಲಿಂಗಿನಲ್ಲಿ ಒಳಬರುವ ಗಾಳಿಯ ಒತ್ತಡ ವಾತಾವರಣದ ಮೂರನೇ ಒಂದು ಭಾಗದಷ್ಟು. ಪೂರ್ತಿ ಒತ್ತಿದಾಗ ವಾತಾವರಣದ 14.7ರ ಮೇಲೆ ಬ್ಲೋವರಿನ 8 ಪಿಎಸ್‌ಐ ಸೇರಿ ಸುಮಾರು ಒಂದೂವರೆ ಪಟ್ಟು. ಅಂದರೆ ನಿಂತಾಗಿನದಕ್ಕೂ ಏರು ಹತ್ತುವಾಗಿನದಕ್ಕೂ ನಾಲ್ಕೂವರೆ ಪಟ್ಟು ವ್ಯತ್ಯಾಸ. ಹೊರಗಿನಿಂದ ನೋಡಿದರೆ ಅದೇ ಇಂಜಿನ್. ಒಳಗೆ ಕಿಡಿ ಎದುರಿಸುವ ಲೋಕವೇ ಬೇರೆ.

ಬುಧವಾರ, ಮಧ್ಯಾಹ್ನ

ಬೆಂಕಿಗೆ ಬೇಕಾದದ್ದು ಮೂರು: ಅದುಮಿದ ಗಾಳಿ, ಪೆಟ್ರೋಲು, ಕಿಡಿ. ಯಜಮಾನರು ಒಂದೊಂದನ್ನೇ ಹಿಡಿದು ಹೋದರು.

ಗಾಳಿ: ಅದುಮುವ ಬಲ ಸೋತಿದ್ದರೆ ನಿಂತಾಗಲೂ ಮಿಸ್ ಹೊಡೆಯಬೇಕು. ಐಡ್ಲಿಂಗಿನಲ್ಲಿ ನಾಲ್ಕನೆಯದು ತನ್ನ ಸಾಲಿನ ಉಳಿದ ಮೂರಕ್ಕಿಂತ ಕಡಿಮೆಯೇನಿಲ್ಲ. ಉಂಗುರ, ಕವಾಟ ಗಟ್ಟಿ.

ಪೆಟ್ರೋಲು: ಪಂಪು ಸೋತಿದ್ದರೆ ಭಾರದಲ್ಲಿ ಎಂಟೂ ಬಾಯಾರಬೇಕು. ಇಲ್ಲಿ ಒಂದೇ ಅಳುತ್ತಿದೆ. ಪಂಪು ಅಲ್ಲ. ನಾಲ್ಕನೆಯದರ ಇಂಜೆಕ್ಟರ್ ಇರಬಹುದು, ಅದನ್ನು ಆಮೇಲೆ ನೋಡೋಣ ಎಂದರು. ಪೆಟ್ರೋಲಿನ ಪರೀಕ್ಷೆಯನ್ನು ಅವರು ಬಹಳ ಎಚ್ಚರದಿಂದ ಮಾಡಿದರು. ಸೂಪರ್‌ಚಾರ್ಜರ್ ಇರುವ ಇಂಜಿನ್ ಭಾರದಲ್ಲಿ ಪೆಟ್ರೋಲಿಗೆ ಬಾಯಾರಿದರೆ ಪಿಸ್ಟನ್ನೇ ಕರಗಬಹುದು. ಅನುಮಾನ ತೀರುವ ತನಕ ಪೂರ್ತಿ ಒತ್ತಕೂಡದು.

ಇಲ್ಲೊಂದು ವಿಚಿತ್ರ. ಸ್ಕ್ಯಾನರಿನಲ್ಲಿ ಆ ಬದಿಯ ಆಕ್ಸಿಜನ್ ಸೆನ್ಸರ್ ‘ಪೆಟ್ರೋಲು ಕಡಿಮೆ’ ಎನ್ನುತ್ತಿತ್ತು. ನಾನು ಹಾಗಾದರೆ ಇಂಜೆಕ್ಟರೇ ಎಂದೆ. ಅವರು ತಲೆಯಾಡಿಸಿದರು. ಆ ಸೆನ್ಸರಿಗೆ ಪೆಟ್ರೋಲು ಕಾಣುವುದಿಲ್ಲ, ಅದು ಎಣಿಸುವುದು ಆಮ್ಲಜನಕವನ್ನು ಮಾತ್ರ. ಕಿಡಿ ತಪ್ಪಿದ ಸಿಲಿಂಡರಿನ ಆಮ್ಲಜನಕ ಬಳಕೆಯಾಗದೆ ಹಾಗೆಯೇ ಹೊರಬರುತ್ತದೆ. ಪೆಟ್ರೋಲೂ ಜೊತೆಗೇ ಬಂದಿರುತ್ತದೆ, ಆದರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ವ್ಯರ್ಥವಾಗಿ ಪೆಟ್ರೋಲು ಹರಿಯುತ್ತಿರುವಾಗಲೂ ಸೆನ್ಸರ್ ‘ಸಾಲದು’ ಎಂದು ವರದಿ ಕೊಡುತ್ತದೆ. ವರದಿ ಸುಳ್ಳಲ್ಲ. ನಾವು ಓದಿಕೊಂಡ ಅರ್ಥ ತಪ್ಪು.

ಪ್ರಯೋಗಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಹೇಳಿದ್ದೆ: ಮಾಪಕ ಏನನ್ನು ಅಳೆಯುತ್ತದೆ ಎಂದು ಮೊದಲು ಕೇಳಿಕೊಳ್ಳಿ, ಮುಳ್ಳು ಆಮೇಲೆ ನೋಡಿ. ಇಂದು ನಾನೇ ಮೊದಲು ಮುಳ್ಳು ನೋಡಿದೆ.

ಬುಧವಾರ, ಸಂಜೆ

ಉಳಿದದ್ದು ಕಿಡಿ. ಈ ಇಂಜಿನ್ನಿನಲ್ಲಿ ಪ್ರತಿ ಪ್ಲಗ್ಗಿನ ಮೇಲೂ ಅದರದ್ದೇ ಕಾಯಿಲ್ ಕೂತಿದೆ. ಪ್ಲಗ್ ಇರುವುದು ಆಳದ ಬಾವಿಯಲ್ಲಿ. ಕಾಯಿಲ್‌ನಿಂದ ಪ್ಲಗ್ಗಿನ ತಲೆಯವರೆಗೆ ಒಳಗೆ ಸ್ಪ್ರಿಂಗ್ ಇರುವ ರಬ್ಬರಿನ ಬೂಟು. 12 ವೋಲ್ಟು ಒಳಗೆ ಹೋಗಿ ಹತ್ತಾರು ಸಾವಿರ ವೋಲ್ಟಾಗಿ ಇಳಿಯುತ್ತದೆ. 1831ರಲ್ಲಿ ಫ್ಯಾರಡೆ ಕಂಡದ್ದೇ, ಇನ್ನೇನಲ್ಲ.

ಒಂದು ವರ್ಕ್‌ಶಾಪಿನಲ್ಲಿ ಎಂಟು ಕಾಯಿಲ್, ಎಂಟು ಪ್ಲಗ್ ಒಟ್ಟಿಗೆ ಬದಲಿಸಿಬಿಡಿ ಎಂದಿದ್ದರಂತೆ. ಯಜಮಾನರು ಒಪ್ಪಲಿಲ್ಲ. ಖರ್ಚಿನ ಮಾತಲ್ಲ. ‘ಎಲ್ಲ ಬದಲಿಸಿದರೆ ಸರಿಹೋಗಬಹುದು. ಯಾವುದರಿಂದ ಸರಿಹೋಯಿತು ಎನ್ನುವುದು ಮಾತ್ರ ಎಂದಿಗೂ ತಿಳಿಯುವುದಿಲ್ಲ.’ ಅವರದೊಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಅದೇ ಏರು.

ಮಾಡಿದ್ದು ಸರಳ. ನಾಲ್ಕನೆಯ ಕಾಯಿಲನ್ನು ಎರಡಕ್ಕೆ, ಎರಡನೆಯದನ್ನು ನಾಲ್ಕಕ್ಕೆ. ದೋಷ ಕಾಯಿಲಿನಲ್ಲಿದ್ದರೆ ಕೋಡ್ 0302 ಆಗಿ ಜಾಗ ಬದಲಿಸಬೇಕು. ನಾಲ್ಕನೆಯದನ್ನು ಎತ್ತುವಾಗ ಕಾಯಿಲ್ ಮಾತ್ರ ಬಂತು. ಬೂಟು ಬರಲಿಲ್ಲ, ಪ್ಲಗ್ಗಿಗೆ ಕಚ್ಚಿಕೊಂಡು ಬಾವಿಯಲ್ಲೇ ಉಳಿಯಿತು. ಹಳೆಯ ರಬ್ಬರು, ಹಾಗಾಗುತ್ತದೆ ಎಂದರು. ಅದರ ಮೇಲೇ ಇನ್ನೊಂದು ಕಾಯಿಲ್ ಕೂರಿಸಿದರು.

ಏರಿಗೆ ಹೋದೆವು. ಮತ್ತೆ ಪಿ0304. ಕಾಯಿಲ್ ನಿರಪರಾಧಿ.

ಗುರುವಾರ

ಮಳೆ. ಗ್ಯಾರೇಜಿಗೆ ಹೋಗಲಿಲ್ಲ. ಮೇಪಲ್ ಎಲೆಗಳು ಒದ್ದೆಯಾಗಿ ರಸ್ತೆಗೆ ಅಂಟಿಕೊಂಡಿವೆ. ಕಿಟಕಿಯ ಬಳಿ ಕೂತು ಎರಡು ಹಳೆಯ ದೃಶ್ಯಗಳನ್ನು ನೆನಪಿಗೆ ತಂದುಕೊಂಡೆ.

ಒಂದನೆಯದು: ಶಿವಮೊಗ್ಗದ ಗ್ಯಾರೇಜು. ನನ್ನ ಸ್ಕೂಟರು ಮಿಸ್ಸಿಂಗ್ ಎಂದು ಒಯ್ದಿದ್ದೆ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ, ಇಂಜಿನ್ನಿನ ಮೈಗೆ ತಾಗಿಸಿ ಕಿಕ್ ಹೊಡೆದ. ನೀಲಿ ಕಿಡಿ ಚೆನ್ನಾಗಿ ಹಾರಿತು. ಪ್ಲಗ್ ಸರಿಯಿದೆಯಲ್ಲ ಎಂದೆ. ಆತ ಉತ್ತರ ಕೊಡದೆ, ಮೂಲೆಯಲ್ಲಿದ್ದ ಪ್ಲಗ್ ಟೆಸ್ಟಿಂಗ್ ಯಂತ್ರಕ್ಕೆ ಅದನ್ನು ತಿರುಗಿಸಿದ. ಪುಟ್ಟ ಗಾಜಿನ ಕಿಂಡಿ, ಪಕ್ಕದಲ್ಲಿ ಒತ್ತಡದ ಗೇಜು. ಗುಂಡಿ ಒತ್ತಿದಾಗ ಕಿಂಡಿಯೊಳಗೆ ಕಿಡಿ ಕಂಡಿತು. ಆಮೇಲೆ ಗಾಳಿಯ ನಲ್ಲಿ ನಿಧಾನ ತಿರುಗಿಸಿದ. ಮುಳ್ಳು ಏರಿದಂತೆ ಕಿಡಿ ನಡುಗಿತು, ಬಿಟ್ಟು ಬಿಟ್ಟು ಬಂತು, ಆಮೇಲೆ ಇಲ್ಲವೇ ಇಲ್ಲ. ಗಾಳಿ ಬಿಟ್ಟ ಕೂಡಲೇ ಮತ್ತೆ ಬಂತು. ‘ಹೊರಗೆ ಬಂತು ಅಂತ ಒಳಗೂ ಬರುತ್ತೆ ಅನ್ನಂಗಿಲ್ಲ ಸಾರ್’ ಎಂದ.

ಎರಡನೆಯದು: ನಮ್ಮ ಪ್ರಯೋಗಶಾಲೆ. ಉದ್ದ ಗಾಜಿನ ಕೊಳವೆ, ಎರಡು ತುದಿಗೂ ಲೋಹದ ಧ್ರುವ, ಪಕ್ಕದಲ್ಲಿ ಇಂಡಕ್ಷನ್ ಕಾಯಿಲ್. ರುಮ್‌ಕಾರ್ಫ್ 1851ರಲ್ಲಿ ಪೇಟೆಂಟ್ ಪಡೆದ ಮಾದರಿಯದು. ಕಾಯಿಲ್‌ನ ಎರಡು ತುದಿಗಳ ನಡುವೆ ಹೊರಗಡೆ ಒಂದು ಚಿಕ್ಕ ಸಂದು ಬಿಟ್ಟಿರುತ್ತಿದ್ದೆವು. ಕೊಳವೆಯಲ್ಲಿ ಗಾಳಿ ತುಂಬಿರುವಾಗ ವಿದ್ಯುತ್ತು ಒಳಕ್ಕೆ ಕಾಲಿಡುತ್ತಲೇ ಇರಲಿಲ್ಲ, ಹೊರಗಿನ ಸಂದಿನಲ್ಲೇ ಚಟಚಟ ಹಾರುತ್ತಿತ್ತು. ಪಂಪು ಗಾಳಿ ಎಳೆಯುತ್ತಾ ಹೋದಂತೆ ಒಂದು ಹೊತ್ತಿನಲ್ಲಿ ಹೊರಗಿನ ಚಟಚಟ ನಿಲ್ಲುತ್ತಿತ್ತು. ಕತ್ತಲೆ ಕೋಣೆಯಲ್ಲಿ ಕೊಳವೆ ಗುಲಾಬಿಯಾಗಿ ಬೆಳಗುತ್ತಿತ್ತು. ಮಕ್ಕಳು ಪ್ರತಿ ವರ್ಷವೂ ಉಸಿರು ಬಿಗಿಹಿಡಿಯುತ್ತಿದ್ದರು.

ಎರಡು ದಾರಿ ಕೊಟ್ಟರೆ ವಿದ್ಯುತ್ತು ಸುಲಭದ್ದನ್ನೇ ಹಿಡಿಯುತ್ತದೆ. ಯಾವುದು ಸುಲಭ ಎನ್ನುವುದು ಗಾಳಿಯ ದಟ್ಟಣೆಯ ಮೇಲೆ ನಿಂತಿದೆ. 1889ರಲ್ಲಿ ಜರ್ಮನಿಯ ಫ್ರೀಡ್ರಿಕ್ ಪಾಶೆನ್ ಇದನ್ನು ಅಳತೆಯಲ್ಲಿ ಹಿಡಿದರು: ಕಿಡಿ ಹಾರಲು ಬೇಕಾದ ವೋಲ್ಟೇಜು ಒತ್ತಡ ಮತ್ತು ಅಂತರ ಎರಡರ ಗುಣಲಬ್ಧವನ್ನು ಅನುಸರಿಸುತ್ತದೆ. ಇಂಜಿನ್ನಿನ ಮಟ್ಟದಲ್ಲಿ ಹೇಳುವುದಾದರೆ, ಎರಡರಲ್ಲಿ ಯಾವುದು ಹೆಚ್ಚಿದರೂ ವೋಲ್ಟೇಜು ಹೆಚ್ಚು ಬೇಕು.

ಆ ಪ್ರಯೋಗವನ್ನು ಮೂವತ್ತು ವರ್ಷ ಒಂದೇ ದಿಕ್ಕಿನಲ್ಲಿ ಮಾಡಿದೆ: ಗಾಳಿ ತೆಗೆದೆ, ಮಿಂಚು ಒಳಕ್ಕೆ ಬಂತು. ಪಕ್ಕದ ಮನೆಯ ಗ್ಯಾರೇಜಿನಲ್ಲಿ ಅದೇ ಪ್ರಯೋಗ ತಿರುಗುಮುರುಗಾಗಿ ನಡೆಯುತ್ತಿದೆ. ಬ್ಲೋವರ್ ಗಾಳಿ ತುಂಬುತ್ತಿದೆ, ಮಿಂಚು ಒಳಗಿನಿಂದ ಹೊರಕ್ಕೆ ಓಡುತ್ತಿದೆ. ಹಾಗಾದರೆ ಅಲ್ಲೂ ಒಂದು ‘ಹೊರಗಿನ ಸಂದು’ ಇರಲೇಬೇಕು. ಅದನ್ನು ಹುಡುಕಬೇಕು.

ರಾತ್ರಿ ಇದನ್ನು ಯಜಮಾನರಿಗೆ ಚಿತ್ರ ಬರೆದು ತೋರಿಸಿದೆ. ಅವರು ಬಹಳ ಹೊತ್ತು ಚಿತ್ರವನ್ನೇ ನೋಡಿದರು. ‘ನಾಳೆ ಪ್ಲಗ್ ಬಿಚ್ಚೋಣ’ ಎಂದರು.

ಶುಕ್ರವಾರ, ಬೆಳಿಗ್ಗೆ

ಇಂಜಿನ್ ರಾತ್ರಿಯಿಡೀ ತಣ್ಣಗಾಗಿತ್ತು. ತಲೆ ಅಲ್ಯುಮಿನಿಯಮ್ಮಿನದು, ಹಿಡಿಯುವ ಎಳೆಗಳು ಕೆಲವೇ ಸುತ್ತು. ಬಿಸಿಯಲ್ಲಿ ತಿರುಗಿಸಿದರೆ ಎಳೆಯೇ ಕಿತ್ತು ಬರಬಹುದು. ಮೊದಲು ಬಾವಿಯೊಳಗೆ ಗಾಳಿ ಊದಿ ಮರಳು, ಕಸ ಹೊರಹಾಕಿದರು. ಇಲ್ಲದಿದ್ದರೆ ಪ್ಲಗ್ ತೆಗೆದ ಕೂಡಲೇ ಅದೆಲ್ಲ ಸಿಲಿಂಡರಿಗೆ ಬೀಳುತ್ತದೆ. ಬೂಟನ್ನು ಇಕ್ಕಳದಲ್ಲಿ ಹಿಡಿದು, ತಿರುಚಿ ತಿರುಚಿ ಬಿಡಿಸಿ ತೆಗೆದರು. ಆಮೇಲೆ ಉದ್ದನೆಯ ಬಾಕ್ಸ್ ಪಾನಾ ಇಳಿಸಿ, ಕಾಲು ಸುತ್ತು ಬಿಚ್ಚುವುದು, ಕೊಂಚ ಹಿಂದಕ್ಕೆ ಬಿಗಿಯುವುದು, ಮತ್ತೆ ಬಿಚ್ಚುವುದು. ಅವಸರವೆಂಬುದೇ ಇಲ್ಲ.

ಪ್ಲಗ್ ನನ್ನ ಅಂಗೈಗೆ ಬಂತು.

ಒಲೆಯ ಕಡೆಯ ತುದಿ ನೋಡಿದೆ. ತಿಳಿ ಕಂದು ಬಣ್ಣ. ಎಣ್ಣೆಯಿಲ್ಲ, ಮಸಿ ಕಟ್ಟಿಲ್ಲ. ಉರಿತ ಆರೋಗ್ಯವಾಗಿದೆ. ಫೀಲರ್ ಗೇಜ್ ತೂರಿಸಿ ಅಳೆದರೆ ಸಂದು 1.4 ಮಿಲಿಮೀಟರ್. ಎಷ್ಟೋ ಕೋಟಿ ಕಿಡಿಗಳು ಲೋಹವನ್ನು ಸವೆಸಿ ಅಷ್ಟು ಅಗಲ ಮಾಡಿವೆ. ಬ್ಲೋವರ್ ಇರುವ ಇಂಜಿನ್ನಿಗೆ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಇಡುತ್ತಾರೆ. ದಟ್ಟ ಗಾಳಿ, ಅಗಲ ಸಂದು: ಪಾಶೆನ್ನರ ಎರಡು ಸಂಖ್ಯೆಗಳೂ ಒಟ್ಟಿಗೇ ಏರಿವೆ.

ಆಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸಿದೆ. ಬಿಳಿ ಪಿಂಗಾಣಿಯ ಮೇಲೆ, ತಲೆಯಿಂದ ಕೆಳಗಿನ ಲೋಹದ ಕವಚದವರೆಗೆ, ಪೆನ್ಸಿಲ್ಲಿನಲ್ಲಿ ಎಳೆದಂತೆ ಒಂದು ಬೂದುಗಪ್ಪು ಗೆರೆ. ಬೆರಳಲ್ಲಿ ಉಜ್ಜಿದೆ, ಹೋಗಲಿಲ್ಲ. ಭೂತಗನ್ನಡಿ ಇಟ್ಟು ನೋಡಿದರೆ ಗೆರೆ ನೇರವಿರಲಿಲ್ಲ. ಪಿಂಗಾಣಿಯ ಪ್ರತಿ ಉಬ್ಬಿನಲ್ಲೂ ಕೊಂಚ ತಡೆದು, ಸೊಟ್ಟಗಾಗಿ, ಒಂದೆರಡು ಕಡೆ ಕವಲೊಡೆದು ಮತ್ತೆ ಸೇರಿತ್ತು. ಮಳೆಗಾಲದ ರಾತ್ರಿ ಕೊಡಚಾದ್ರಿಯ ಮೇಲೆ ಇಳಿಯುವ ಮಿಂಚನ್ನು ಉಗುರಿನುದ್ದಕ್ಕೆ ಇಳಿಸಿದ ಹಾಗೆ.

ಇದೇ ಆ ಹೊರಗಿನ ಸಂದು.

ವಿದ್ಯುತ್ತಿಗೆ ಎರಡು ದಾರಿಯಿತ್ತು. ಪ್ಲಗ್ಗಿನ ನಡುವಿನ ತಂತಿಯೊಳಗಿಂದ ಇಳಿದು, ಕೆಳಗೆ 1.4 ಮಿಲಿಮೀಟರಿನ ದಟ್ಟ ಗಾಳಿಯನ್ನು ಹಾರುವುದು ಒಂದು. ಪಿಂಗಾಣಿಯ ಹೊರಮೈ ಮೇಲೆ ಜಾರಿ ಲೋಹ ಸೇರಿಬಿಡುವುದು ಇನ್ನೊಂದು. ನಿಂತಾಗ ಒಳದಾರಿ ಸುಲಭ. ಏರು ಹತ್ತುವಾಗ ಹೊರದಾರಿ ಸುಲಭ. ಕಾಯಿಲ್ ಪ್ರತಿ ಸಲವೂ ತನ್ನ ಕೆಲಸ ಮಾಡಿದೆ, ಕಿಡಿ ಪ್ರತಿ ಸಲವೂ ಹುಟ್ಟಿದೆ. ಬೆಂಕಿ ಇರಬೇಕಾದಲ್ಲಿ ಹುಟ್ಟಲಿಲ್ಲ, ಅಷ್ಟೇ. ಒಮ್ಮೆ ಹಾದಾಗ ಮೈಮೇಲಿನ ಕೊಳೆ, ರಬ್ಬರು ಸುಟ್ಟು ಇಂಗಾಲವಾಯಿತು. ಇಂಗಾಲ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಮುಂದಿನ ಸಲ ಇನ್ನೂ ಸುಲಭ. ಗದ್ದೆಯಂಚಿನಲ್ಲಿ ಜನ ನಡೆದು ನಡೆದು ಕಾಲುದಾರಿ ಬೀಳುವುದು ಹೀಗೆಯೇ. ಆಮೇಲೆ ಎಲ್ಲರೂ ಅದರಲ್ಲೇ ನಡೆಯುತ್ತಾರೆ.

ಪ್ಲಗ್ಗಿನ ಪಿಂಗಾಣಿಗೆ ಬಳೆಗಳಂಥ ಉಬ್ಬು ಇಟ್ಟಿರುವುದು ಏಕೆ ಎಂದು ಈಗ ಅರ್ಥವಾಯಿತು. ವಿದ್ಯುತ್ ಕಂಬದ ಪಿಂಗಾಣಿ ಬಟ್ಟಲುಗಳಿಗೆ ಮಡಿಕೆ ಇರುವುದೂ ಅದಕ್ಕೇ: ಮೇಲ್ಮೈ ದಾರಿ ಉದ್ದವಾಗಲಿ ಎಂದು.

ಶುಕ್ರವಾರ, ಸಂಜೆ

ಹೊಸ ಪ್ಲಗ್, ಸಂದು ಒಂದು ಮಿಲಿಮೀಟರ್. ಅದನ್ನು ಇಳಿಸಿದ ಬಗೆ ಬರೆದಿಡಬೇಕು. ಒಂದು ಗೇಣು ರಬ್ಬರ್ ಕೊಳವೆಯ ತುದಿಗೆ ಪ್ಲಗ್ ಸಿಕ್ಕಿಸಿ, ಬಾವಿಗೆ ಇಳಿಬಿಟ್ಟು, ಎರಡೇ ಬೆರಳಲ್ಲಿ ಕೊಳವೆ ತಿರುಗಿಸಿದರು. ಎಳೆ ನೇರ ಕೂತರೆ ತಿರುಗುತ್ತಾ ಹೋಗುತ್ತದೆ. ವಾರೆ ಕೂತರೆ ರಬ್ಬರು ಜಾರುತ್ತದೆ, ಲೋಹಕ್ಕೆ ಪೆಟ್ಟಾಗುವುದಿಲ್ಲ. ಪಾನಾ ಮುಟ್ಟಿದ್ದು ಕೊನೆಯ ಬಿಗಿಗೆ ಮಾತ್ರ.

ಏರಿಗೆ ಹೋದೆವು. ಒಂದೂ ಮಿಸ್ ಇಲ್ಲ. ಎರಡನೇ ಸಲವೂ ಇಲ್ಲ. ಪಾಶೆನ್ ಗೆದ್ದರು ಎಂದು ಪುಸ್ತಕ ಮುಚ್ಚಿದೆ.

ಶನಿವಾರ, ಬೆಳಿಗ್ಗೆ

ಮುಚ್ಚಬಾರದಿತ್ತು. ಮತ್ತೆ ಪಿ0304.

ರಾತ್ರಿ ಹಿಮ ಬಿದ್ದು ಚಳಿ ಹೆಚ್ಚಿತ್ತು. ತಣ್ಣನೆಯ ಗಾಳಿ ಇನ್ನೂ ದಟ್ಟ. ಸ್ಕ್ಯಾನರಿನಲ್ಲಿ ಎಣಿಕೆ ಮೊದಲಿಗಿಂತ ಕಡಿಮೆ, ಆದರೆ ಸೊನ್ನೆಯಲ್ಲ. ಯಜಮಾನರು ಏನೂ ಮಾತಾಡದೆ ನಿನ್ನೆಯ ಹೊಸ ಪ್ಲಗ್ ಬಿಚ್ಚಿದರು. ಒಂದೇ ದಿನದ ಪ್ಲಗ್. ಅದರ ಮೇಲೂ ಗೆರೆಯ ಮೊಳಕೆ! ಬಹಳ ತೆಳು, ಅರ್ಧದಷ್ಟೇ ಉದ್ದ, ಆದರೆ ಗೆರೆಯೇ.

ಪಿಂಗಾಣಿ ಹೊಸದು, ಸಂದು ಸರಿ. ಹಾಗಿದ್ದೂ ಗೆರೆ ಹೇಗೆ?

ಆಗ ನೆನಪಾಯಿತು, ಬುಧವಾರ ಬಾವಿಯಲ್ಲಿ ಉಳಿದ ಬೂಟು. ನಾವು ಕಾಯಿಲ್ ಬದಲಿಸಿದ್ದೆವು, ಪ್ಲಗ್ ಬದಲಿಸಿದ್ದೆವು. ಎರಡರ ನಡುವಿನ ರಬ್ಬರು ಮಾತ್ರ ಒಂದು ಸಲವೂ ನಾಲ್ಕನೇ ಮನೆ ಬಿಟ್ಟು ಕದಲಿರಲಿಲ್ಲ. ಪ್ರತಿ ಪರೀಕ್ಷೆಯಲ್ಲೂ ಅದು ನಮ್ಮ ಕಣ್ಣೆದುರೇ ಇತ್ತು. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ತೆರೆದರು. ಒಳಗೋಡೆಯ ಮೇಲೆ ಅದೇ ಕವಲಿನ ಕಪ್ಪು ಗೆರೆ, ಪ್ಲಗ್ಗಿನ ಗೆರೆಗೆ ಕನ್ನಡಿಯ ಪ್ರತಿಬಿಂಬ. ಅಡ್ಡದಾರಿಗೆ ಎರಡು ದಡವಿತ್ತು. ಒಂದನ್ನು ಕಿತ್ತೆಸೆದು ಇನ್ನೊಂದನ್ನು ಉಳಿಸಿಕೊಂಡಿದ್ದೆವು. ಹಳೆಯ ಬೂಟು ಹೊಸ ಪ್ಲಗ್ಗಿಗೆ ದಾರಿ ಹೇಳಿಕೊಟ್ಟಿತು.

ಬುಧವಾರದ ಪರೀಕ್ಷೆ ತಪ್ಪಾಗಿರಲಿಲ್ಲ. ಕಾಯಿಲ್ ನಿರಪರಾಧಿ ಎಂದು ಅದು ಹೇಳಿದ್ದು ನಿಜವೇ. ಆದರೆ ನಾವು ಏನನ್ನು ಸಾಗಿಸಿದೆವು, ಏನನ್ನು ಬಿಟ್ಟೆವು ಎಂದು ನಾನು ಬರೆದುಕೊಂಡಿದ್ದೆ, ಓದಿಕೊಳ್ಳಲಿಲ್ಲ.

ಶನಿವಾರ, ಮಧ್ಯಾಹ್ನ

ಹೊಸ ಬೂಟು ಹಾಕಿದರೆ ಮುಗಿಯಿತಲ್ಲ ಎಂದೆ. ಯಜಮಾನರು ಇಲ್ಲ ಎಂದರು. ‘ಎಂಟೂ ಬೂಟುಗಳದ್ದು ಒಂದೇ ವಯಸ್ಸು. ಎಂಟೂ ಪ್ಲಗ್ಗುಗಳ ಸವೆತವೂ ಒಂದೇ ಇರಬೇಕು. ನಾಲ್ಕನೆಯದೇ ಏಕೆ?’

ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು.

ಟಾರ್ಚು ಬಿಟ್ಟು ನಾಲ್ಕನೇ ಬಾವಿಯ ತಳ ನೋಡಿದೆವು. ಉಳಿದ ಬಾವಿಗಳ ತಳದಲ್ಲಿ ಒಣ ಧೂಳು ಮಾತ್ರ. ಇದರ ತಳದಲ್ಲಿ ಬಾವಿಗಟ್ಟೆಯ ಸುಣ್ಣದಂತೆ ಒಂದು ಬಿಳಿ ವರ್ತುಲ. ಯಾವುದೋ ನೀರು ಬಂದು ನಿಂತು, ಬಿಸಿಗೆ ಆರಿ, ಮತ್ತೆ ಬಂದು ಆರಿದ ಗುರುತು. ತಲೆಯೆತ್ತಿದರೆ ನೇರ ಮೇಲೆ, ಬೆಂಕಿಗೋಡೆಯ ಕಡೆ ಹೋಗುವ ಹೀಟರಿನ ಕೊಳವೆ. ಅದರ ಕ್ಲಿಪ್ಪಿನ ಕೆಳಗೆ ಯಜಮಾನರು ಬೆರಳು ಸವರಿ ಮೂಸಿದರು, ನನ್ನತ್ತ ಚಾಚಿದರು. ತೆಳುವಾದ ಸಿಹಿ ವಾಸನೆ. ರೇಡಿಯೇಟರಿನ ಕೂಲೆಂಟು.

ದಿನಕ್ಕೊಂದು ಹನಿಯೂ ಇರಲಿಕ್ಕಿಲ್ಲ. ರೇಡಿಯೇಟರಿನಲ್ಲಿ ಕಡಿಮೆಯಾದದ್ದು ಕಣ್ಣಿಗೆ ಬೀಳುವಷ್ಟಿಲ್ಲ, ನೆಲದ ಮೇಲೆ ಕಲೆಯಿಲ್ಲ. ಆ ಹನಿ ಬಾವಿಯೊಳಗೆ ಆವಿಯಾಗಿ ಬೂಟಿನ ಒಳಮೈಯನ್ನು ತೇವ ಮಾಡಿತು. ಮಳೆಗಾಲದಲ್ಲಿ ಕಂಬದ ಮೇಲಿನ ಪಿಂಗಾಣಿ ಒದ್ದೆಯಾಗಿ ಚಟಚಟ ಎನ್ನುವುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಅದೇ ಕಥೆ ಇಲ್ಲಿ, ಬಾವಿಯ ಕತ್ತಲಲ್ಲಿ.

ಸರಪಳಿಯನ್ನು ಈಗ ಕೊನೆಯಿಂದ ಬರೆಯಬಹುದು. ಕ್ಲಿಪ್ಪು ಸಡಿಲವಾಯಿತು, ಹನಿ ಬಿತ್ತು. ತೇವಕ್ಕೆ ಹಳೆಯ ರಬ್ಬರು ಸೋತಿತು. ಸವೆದ ಸಂದು ಹೆಚ್ಚು ವೋಲ್ಟೇಜು ಕೇಳಿತು. ಬ್ಲೋವರ್ ತಂದ ದಟ್ಟಣೆ ಇನ್ನೂ ಹೆಚ್ಚು ಕೇಳಿತು. ಮಿಂಚು ಅಡ್ಡದಾರಿ ಹಿಡಿಯಿತು. ಇವುಗಳಲ್ಲಿ ಯಾವ ಒಂದು ಇಲ್ಲದಿದ್ದರೂ ಗಾಡಿ ಇನ್ನೂ ಕೆಲವು ಕಾಲ ಸುಮ್ಮನೆ ಓಡುತ್ತಿತ್ತು. ಐಡ್ಲಿಂಗಿನಲ್ಲಿ ಎಷ್ಟು ಹೊತ್ತು ಕಿವಿಗೊಟ್ಟರೂ ಇವುಗಳಲ್ಲಿ ಒಂದೂ ಬಾಯಿ ಬಿಡುತ್ತಿರಲಿಲ್ಲ. ಭಾರ ಹೇರಿ ಕೇಳಿದ್ದಕ್ಕೆ ಉತ್ತರ ಬಂತು.

ಎಂಟು ಕಾಯಿಲ್, ಎಂಟು ಪ್ಲಗ್, ಎಂಟು ಬೂಟು ಒಟ್ಟಿಗೇ ಬದಲಿಸಿದ್ದರೆ? ಅಂದೇ ಸರಿಹೋಗುತ್ತಿತ್ತು. ಹನಿ ಮಾತ್ರ ಮೇಲೆ ಕೂತು ಹೊಸ ರಬ್ಬರಿಗೆ ಕಾಯುತ್ತಿತ್ತು. ಆಗ ದುಬಾರಿ ಹೊಸ ಸಾಮಾನನ್ನೇ ಬೈದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು.

ಭಾನುವಾರ

ಮಾಡಿದ ಕೆಲಸ: ಹೀಟರ್ ಕೊಳವೆಯ ತುದಿ ಕತ್ತರಿಸಿ ಹೊಸ ಕ್ಲಿಪ್ಪು. ಬಾವಿ ತೊಳೆದು ಒಣಗಿಸಿದ್ದು. ನಾಲ್ಕನೆಯದಕ್ಕೆ ಇನ್ನೊಂದು ಹೊಸ ಪ್ಲಗ್, ಹೊಸ ಬೂಟು. ಬೂಟಿನ ಬಾಯೊಳಗೆ ಕಡ್ಡಿಯ ತುದಿಯಲ್ಲಿ ತೆಳ್ಳಗೆ ಡೈಎಲೆಕ್ಟ್ರಿಕ್ ಗ್ರೀಸು, ತೇವ ತಡೆಯಲು ಮತ್ತು ರಬ್ಬರು ಪಿಂಗಾಣಿಗೆ ಕಚ್ಚದಿರಲು. ಕಾರಣ ಗೊತ್ತಾದ ಮೇಲೆ ಉಳಿದ ಏಳು ಪ್ಲಗ್ಗು, ಬೂಟುಗಳನ್ನೂ ಬದಲಿಸಿದರು. ಅವುಗಳ ಸಂದನ್ನೂ ಅಳೆದೆವು. ಎಲ್ಲವೂ ಹೆಚ್ಚುಕಡಿಮೆ ಅಷ್ಟೇ ಸವೆದಿದ್ದವು, ಒಂದರ ಮೇಲೂ ಗೆರೆಯಿಲ್ಲ. ಹಳೆಯ ಕಾಯಿಲ್‌ಗಳು ಎಂಟೂ ಅವೇ.

ಸಂಜೆ ಏರಿಗೆ ಹೋದೆವು. ಬೈಪಾಸ್ ಮುಚ್ಚಿ ಬ್ಲೋವರ್ ಹಿಡಿದ ಕ್ಷಣದಲ್ಲಿ ಅದರ ಸಿಳ್ಳೆ ಏರಿತು. ಬೆನ್ನು ಸೀಟಿಗೆ ಒತ್ತಿತು. ಸದ್ದಿನಲ್ಲಿ ಒಂದೇ ಒಂದು ಬಿರುಕಿಲ್ಲ. ನಾನು ಸ್ಕ್ಯಾನರಿನ ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದೆ: ಸೊನ್ನೆ. ನಾಲ್ಕು ಸಲ ಏರಿದೆವು, ನಾಲ್ಕೂ ಸಲ ಸೊನ್ನೆ.

ಗೆರೆ ಬಿದ್ದ ಪ್ಲಗ್ಗನ್ನು ಯಜಮಾನರು ಬಟ್ಟೆಯಲ್ಲಿ ಒರೆಸಿ ನನಗೆ ಕೊಟ್ಟರು. ಊರಿಗೆ ಒಯ್ಯುತ್ತೇನೆ. ಕೊಳವೆ, ಕಾಯಿಲ್ ಇರುವ ಮೇಜಿನ ಮೇಲೆ ಅದೂ ಇರಬೇಕು, ಪಕ್ಕದಲ್ಲೊಂದು ಭೂತಗನ್ನಡಿ ಜೊತೆಗೆ.

ಸೋಮವಾರ, ಬೆಳಿಗ್ಗೆ

ರಾತ್ರಿ ಮಲಗುವ ಮುಂಚೆ ಯಜಮಾನರು ಹೊಸ ಕ್ಲಿಪ್ಪಿನ ಕೆಳಗೆ ಒಂದು ಬಿಳಿ ಕಾಗದ ಮಡಿಚಿ ಇಟ್ಟಿದ್ದರಂತೆ. ನಾನು ಹೋಗುವಷ್ಟರಲ್ಲಿ ಬಾನೆಟ್ ಎತ್ತಿ ನಿಂತಿದ್ದರು. ಕಾಗದ ತೆಗೆದು ಬೆಳಕಿಗೆ ಹಿಡಿದೆವು, ಹಿಂದೆ ಮುಂದೆ ತಿರುಗಿಸಿ ನೋಡಿದೆವು.

ಒಣಗಿತ್ತು.